ಮಾಲೀಕರು: ನಾನು

ಫೈಲುಗಳನ್ನು ಕ್ಲೌಡ್‌ನಲ್ಲಿ ಇಟ್ಟುಕೊಳ್ಳುವವರಿಗೆಲ್ಲ ಆ ಹುಡುಕುವ ಪೆಟ್ಟಿಗೆ ಗೊತ್ತು. ಗೂಗಲ್ ಡ್ರೈವ್‌ನಲ್ಲಾದರೆ ಒಂದು ಪದ ಟೈಪ್ ಮಾಡಿ, ಸಿಕ್ಕಿದ್ದು ಹೆಚ್ಚಾಯಿತು ಅನ್ನಿಸಿದರೆ ಸೋಸಬಹುದು. ಯಾವ ಬಗೆಯ ಫೈಲು, ಎಲ್ಲಿದೆ, ಕೊನೆಯ ಸಲ ಬದಲಾದದ್ದು ಯಾವಾಗ, ಮಾಲೀಕರು ಯಾರು. ಈ ಕೊನೆಯ ಪ್ರಶ್ನೆಯ ಮುಂದೆ ನಾನು ಆಗಾಗ ಸುಮ್ಮನೆ ಕೂರುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಾಡುಗಬ್ಬಗಳು ನನ್ನ ಸಂಶೋಧನೆಯ ವಿಷಯ. ಬಗೆ ‘ಆಡಿಯೊ’, ಮಾಲೀಕರು ‘ನಾನು’ ಎಂದು ಕೊಟ್ಟರೆ ಪರದೆ ತುಂಬುತ್ತದೆ. ನೀಲಗಾರರು ತಂಬೂರಿ ಮೀಟಿ ಹಾಡಿದ ಮಂಟೇಸ್ವಾಮಿ, ದೇವರಗುಡ್ಡರು ಕಂಸಾಳೆ ಹಿಡಿದು ಹಾಡಿದ ಮಾದೇಶ್ವರ, ಮದುವೆಮನೆಯ ಸೋಬಾನೆ. ನಡುನಡುವೆ ಒಂದು ‘ಹ್ಞೂಂ’ ಬಿಟ್ಟರೆ ಯಾವುದರಲ್ಲೂ ನನ್ನ ದನಿಯಿಲ್ಲ. ಆದರೂ ಎಲ್ಲದರ ಎದುರಿಗೂ ‘ನಾನು’ ಎಂದಿದೆ.

ಯಂತ್ರ ಸುಳ್ಳು ಹೇಳುತ್ತಿಲ್ಲ. ಫೈಲು ಯಾರ ಖಾತೆಯಲ್ಲಿದೆಯೋ ಅವರೇ ಅದರ ಲೆಕ್ಕದಲ್ಲಿ ಮಾಲೀಕರು. ಹಾಡಿದವರು ಯಾರು, ಯಾವ ಊರಲ್ಲಿ, ಯಾರ ಒಪ್ಪಿಗೆಯಿಂದ ಎಂದು ಕೇಳುವ ಫಿಲ್ಟರ್ ಅದರಲ್ಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ನೋಡುವ ಪದ ನಮ್ಮ ಯೋಚನೆಯೊಳಗೂ ಇಳಿಯುತ್ತದೆ. ಹೀಗಾಗಿ ಈ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು: ಬೇರೆಯವರ ದನಿಯನ್ನು ಹುಡುಕಿದರೆ ಸಿಗುವಂತೆ ಇಟ್ಟುಕೊಂಡವರಿಗೆ ಆ ದನಿಯ ಬಗ್ಗೆ ಯಾವ ಹೊಣೆಯಿದೆ?

ಮೊದಲಿಗೆ ಒಂದು ಸರಳ ಸಂಗತಿ. ಬರಹದ ಕಡತ ತನ್ನ ಪರಿಚಯವನ್ನು ತಾನೇ ಮಾಡಿಕೊಳ್ಳುತ್ತದೆ. ಟೈಪ್ ಮಾಡಿದ ಪತ್ರಕ್ಕೆ ಎಂಥ ಹೆಸರಿಟ್ಟರೂ ಅದರೊಳಗಿನ ಒಂದು ಪದ ನೆನಪಿದ್ದರೆ ಸಾಕು, ಹುಡುಕಾಟ ಅದನ್ನು ತಂದು ಮುಂದಿಡುತ್ತದೆ. ದನಿಯ ಕಡತಕ್ಕೆ ಆ ಅನುಕೂಲವಿಲ್ಲ. ರಾತ್ರಿಯಿಡೀ ಹಾಡಿದ ಕಾವ್ಯ ‘ರೆಕಾರ್ಡಿಂಗ್ 47’ ಎಂಬ ಹೆಸರಿನಲ್ಲಿ ಕೂತಿದ್ದರೆ, ಮಂಟೇಸ್ವಾಮಿ ಎಂದು ಹುಡುಕುವವರ ಪಾಲಿಗೆ ಅದು ಇಲ್ಲ. ಅಕ್ಷರ ಬಲ್ಲವರ ಮಾತಿಗೆ ನೂರು ಬಾಗಿಲು, ಬಾಯಲ್ಲೇ ಕಾವ್ಯ ಹೊತ್ತವರ ಮಾತಿಗೆ ಒಂದೇ ಬಾಗಿಲು. ಆ ಬಾಗಿಲ ಕೀಲಿ ಫೈಲಿಗೆ ಹೆಸರಿಟ್ಟವರ ಕೈಯಲ್ಲಿ.

ಹೆಸರಿಡುವುದೂ ಸುಲಭವಿಲ್ಲ. ಮಹದೇಶ್ವರ, ಮಾದೇಶ್ವರ, ಮಾದಪ್ಪ, ಮಾದೇವ ಎಲ್ಲವೂ ಒಬ್ಬನೇ. ಭಕ್ತರಿಗೆ ಇದರಲ್ಲಿ ಗೊಂದಲವಿಲ್ಲ, ಹುಡುಕುವ ಪೆಟ್ಟಿಗೆಗೆ ಇದೆ. ಊರುಗಳ ವಿಷಯದಲ್ಲಿ ತೊಡಕು ಇನ್ನೂ ಹಳೆಯದು. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರ ಎಂದು ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಅದನ್ನು ಬದಲಿಸಿದರು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಕಾಗದಪತ್ರ, ಲೇಖನ, ಹಾಡುಗಳ ಸಂಗ್ರಹ ಎಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲಿವೆ. ಮಾದೇಶ್ವರನ ಬೆಟ್ಟವಿರುವ ಕೊಳ್ಳೇಗಾಲದ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇವತ್ತಿನ ಜಿಲ್ಲೆಯ ಹೆಸರನ್ನು ಮಾತ್ರ ಕೊಟ್ಟು ಹುಡುಕುವ ವಿದ್ಯಾರ್ಥಿಗೆ ಈ ನಾಡಿನ ನೆನಪು ಮೊನ್ನೆಮೊನ್ನೆ ಶುರುವಾದಂತೆ ಕಾಣುತ್ತದೆ. ‘ಯಾವ ಫಲಿತಾಂಶವೂ ಇಲ್ಲ’ ಎಂಬ ಸಾಲನ್ನು ನಾವು ‘ಅಂಥದ್ದು ಇರಲೇ ಇಲ್ಲ’ ಎಂದು ಓದಿಕೊಳ್ಳುತ್ತೇವೆ. ಸಂಶೋಧನೆಯಲ್ಲಿ ಇದು ಬರೀ ಅಸಡ್ಡೆಯಾಗಿ ಉಳಿಯುವುದಿಲ್ಲ. ಒಂದು ಸಮುದಾಯ ಹಾಡಲಿಲ್ಲ, ಹೇಳಲಿಲ್ಲ ಎಂಬ ತೀರ್ಮಾನವಾಗಿ ಪುಟ ಸೇರಿಬಿಡುತ್ತದೆ.

ಸೋಸಿ ಹುಡುಕುವುದನ್ನು ಕಂಪ್ಯೂಟರ್ ನಮಗೆ ಹೊಸದಾಗಿ ಕಲಿಸಿದ್ದೇನಲ್ಲ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ತಾಲ್ಲೂಕಿನ ಹೆಸರು, ಅದರ ಮುಂದೊಂದು ಸಂಖ್ಯೆ; ಇವತ್ತಿಗೂ ವಿದ್ವಾಂಸರು ಆ ಗುರುತು ಹಿಡಿದೇ ಕಲ್ಲನ್ನು ಹುಡುಕುತ್ತಾರೆ. ಆದರೆ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವರ, ಕಂಡರಿಸಿದವರ ಹೆಸರು ಕಲ್ಲಿನಲ್ಲೇ ಇರುತ್ತದೆ. ಅರಸನ ದಾನವನ್ನು ಹೇಳುವ ಕಲ್ಲು ಉಳಿ ಹಿಡಿದವನಿಗೂ ಒಂದು ಸಾಲು ಬಿಟ್ಟುಕೊಟ್ಟಿದೆ.

ಹಾಡುವವರ ಪದ್ಧತಿ ಇನ್ನೂ ಸೊಗಸು. ಮಾದೇಶ್ವರ ಕಾವ್ಯವನ್ನು ಅವರು ‘ಸಾಲು’ಗಳಾಗಿ ಹಂಚಿಕೊಂಡಿದ್ದಾರೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಯಾವ ಸಾಲು ಬೇಕೆಂದು ಕೇಳಿದರೆ ಅದನ್ನೇ ತೆಗೆಯುತ್ತಾರೆ. ಗಂಡ ನೀಲೇಗೌಡನ ಸಂಶಯಕ್ಕೆ ಸಿಕ್ಕಿ ನೊಂದ ಸಂಕಮ್ಮನನ್ನು ಹುಡುಕುವುದು ಅಲ್ಲಿ ಒಂದು ಮಾತಿನ ಕೆಲಸ. ಅದೇ ಹಾಡು ‘ಮಾದೇಶ್ವರ 4’ ಎಂದು ನನ್ನ ಖಾತೆಗೆ ಬಂದರೆ ಸಂಕಮ್ಮ ಕಾಣೆಯಾಗುತ್ತಾಳೆ. ಹಾಡುವವರು ಇಟ್ಟುಕೊಂಡ ಗುರುತುಗಳನ್ನು ಅಳಿಸಿ ನಮ್ಮ ಕ್ರಮಸಂಖ್ಯೆಯನ್ನು ಅಂಟಿಸಿದರೆ ಅದನ್ನು ಸಂರಕ್ಷಣೆ ಎಂದು ಕರೆಯುವುದು ಕಷ್ಟ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಜನಪದ ಕಾವ್ಯ ಎಲ್ಲರದು, ಅದಕ್ಕೆ ಒಬ್ಬರ ಹೆಸರು ಅಂಟಿಸುವುದು ಓದಿದವರ ಚಟ. ಹಾಡುವವರಿಗೇ ಅದು ಬೇಕಿಲ್ಲ ಎನ್ನುತ್ತಾರೆ. ಇದರಲ್ಲಿ ನಿಜವಿದೆ. ಗುಂಡ್ಲುಪೇಟೆ ಕಡೆಯ ಹಿರಿಯ ನೀಲಗಾರರೊಬ್ಬರನ್ನು, “ನಿಮ್ಮ ಹೆಸರು ಬರೆದಿಡಲಾ ತಾತ?” ಎಂದು ಕೇಳಿದ್ದೆ. “ನಂದೇನಿದ್ದದು ಮಗ? ಎಲ್ಲಾ ಅಪ್ಪಾಜೀದು” ಎಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ, “ಹಾಕದಾದ್ರ ನಂಗ ಕಲ್ಸ್‌ದೋರ ಹೆಸ್ರುವೆ ಹಾಕು” ಎಂದು ಸೇರಿಸಿದರು.

ಆ ಎರಡು ಮಾತುಗಳ ನಡುವೆ ಎಷ್ಟೋ ವಿಚಾರವಿದೆ. ‘ನನ್ನದಲ್ಲ’ ಎನ್ನುವ ಹಕ್ಕು ಅವರದು; ಆ ವಿನಯ ಅವರ ದೀಕ್ಷೆಯಿಂದ ಬಂದದ್ದು. ಅವರು ಬಿಟ್ಟುಕೊಟ್ಟದ್ದು ದೇವರಿಗೆ. ಅದನ್ನೇ ನೆಪ ಮಾಡಿಕೊಂಡು ಆ ಜಾಗದಲ್ಲಿ ನಾನು ಕೂರಲು ಬರುವುದಿಲ್ಲ. ಎರಡನೆಯದಾಗಿ, ಅವರ ಮನಸ್ಸಿನಲ್ಲಿ ಹಾಡಿಗೆ ಒಬ್ಬ ಮಾಲೀಕನಿಲ್ಲ. ದೇವರು, ಕಲಿಸಿದ ಗುರು, ಹಾಡಿದವರು, ಕೇಳಿ ‘ಹ್ಞೂಂ’ ಎಂದವರು ಹೀಗೊಂದು ಸರಪಳಿಯಿದೆ. ಫೈಲಿನ ವಿವರದಲ್ಲಿ ಮಾಲೀಕರಿಗೆ ಒಂದೇ ಸಾಲಿನ ಜಾಗ. ಪುಸ್ತಕಲೋಕದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿಗಳಿವೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು ಎಂಬುದು ಅಲ್ಲಿ ಕಾವ್ಯದ ಹೆಸರಿನ ಜೊತೆಗೇ ಬರುತ್ತದೆ. ಇದರಿಂದ ಸಂಗ್ರಹಕಾರರಾಗಲಿ ಅನುವಾದಕರಾಗಲಿ ಕಳೆದುಕೊಂಡದ್ದೇನೂ ಇಲ್ಲ.

ಹಾಗೆಂದು ಎಲ್ಲವೂ ಎಲ್ಲರಿಗೂ ಸಿಗುವಂತಾಗಬೇಕೆ? ಇಲ್ಲಿ ನನಗೆ ಅನುಮಾನವಿದೆ. ಹಾಡಿನ ಬಿಡುವಿನಲ್ಲಿ ಜನ ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ, ಸೊಸೆಯ ಬಗ್ಗೆ, ಸಾಲದ ಬಗ್ಗೆ, ಕೇರಿಯ ಜಗಳದ ಬಗ್ಗೆ. ಅದೂ ದಾಖಲಾಗಿರುತ್ತದೆ. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಒಂದು ಆಯ್ಕೆಗೆ ಬೆರಳಿಟ್ಟರೆ ಜಗಲಿಯ ಮಾತು ಊರಾಚೆ ಹೋಗುತ್ತದೆ. ಸಿಗದಂತೆ ಇಡುವುದೂ ಕೆಲವೊಮ್ಮೆ ಮರ್ಯಾದೆಯೇ. ಯಾವುದು ಸಿಗಬೇಕು, ಯಾವುದು ಸಿಗಬಾರದು ಎಂಬುದನ್ನು ಹೇಳಬೇಕಾದವರು ಮಾತಾಡಿದವರು. ಅವರನ್ನು ಕೇಳಿ, ಅವರ ಉತ್ತರವನ್ನೂ ಫೈಲಿನ ಜೊತೆ ಬರೆದಿಡುವುದು ನಮ್ಮ ಕೆಲಸ.

ಆ ಕೆಲಸಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಡ್ರೈವ್‌ನ ಪ್ರತಿ ಫೈಲಿನ ವಿವರದಲ್ಲೂ ನಾಲ್ಕು ಮಾತು ಬರೆಯಲು ಜಾಗವಿದೆ. ಹಾಡಿದವರ ಹೆಸರು ಅವರು ಹೇಳುವ ಹಾಗೆ, ಕಲಿಸಿದವರ ಹೆಸರು, ಊರು, ಸಾಲು, ಸಂದರ್ಭ, ಒಪ್ಪಿಗೆ. ಕನ್ನಡದಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ. ಒಂದು ಫೈಲಿಗೆ ಹತ್ತು ನಿಮಿಷ. ಜೊತೆಗೆ ಇನ್ನೊಂದು ಪ್ರತಿ ಹಾಡಿದವರ ಮನೆಯಲ್ಲಿ. ಇದು ಮುಖ್ಯ, ಏಕೆಂದರೆ ಗೂಗಲ್‌ನ ನಿಯಮದಂತೆ ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಯನ್ನು ಅಳಿಸಿಹಾಕಬಹುದು. ಪಿಎಚ್.ಡಿ. ಮುಗಿಯುತ್ತದೆ, ಕೆಲಸ ಹುಡುಕಿಕೊಂಡು ಊರು ಬಿಡುತ್ತೇವೆ, ಪಾಸ್‌ವರ್ಡ್ ಮರೆಯುತ್ತದೆ. ಮಾಲೀಕರು ಇಲ್ಲವಾದರೆ ಅವರ ಹೆಸರಿನಲ್ಲಿದ್ದ ಹಾಡೂ ಇಲ್ಲವಾಗುತ್ತದೆ.

ಮುಂದೊಂದು ದಿನ ಗುಂಡ್ಲುಪೇಟೆಯ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ತನ್ನ ತಾತನ ಹೆಸರನ್ನು ತನಗೆ ತೋಚಿದ ಕಾಗುಣಿತದಲ್ಲಿ ಟೈಪ್ ಮಾಡಿ ಹುಡುಕಬಹುದು. ಅವಳಿಗೆ ನನ್ನ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳಿಗೆ ತಾತನ ದನಿ ಸಿಗುತ್ತದೋ ಇಲ್ಲವೋ ಎಂಬುದು ನಾನು ಇವತ್ತು ಆ ಹತ್ತು ನಿಮಿಷ ಕೂರುತ್ತೇನೋ ಇಲ್ಲವೋ ಎಂಬುದರ ಮೇಲಿದೆ.