ಯಾವ ಕಡೆಯವರು?

ನ್ಯಾಯಾಧೀಶರೊಬ್ಬರ ಮೇಲೆ ಆಪಾದನೆ ಬಂದಾಗ ನಾವು ಮೊದಲು ಕೇಳುವುದು ನಿಜವೆ ಎಂದಲ್ಲ. ಹೇಳಿದವರು ಯಾವ ಕಡೆಯವರು ಎಂದು.

2009ರ ಆಗಸ್ಟಿನಲ್ಲಿ ಕರ್ನಾಟಕದ ಮುಖ್ಯ ನ್ಯಾಯಮೂರ್ತಿ ಪಿ. ಡಿ. ದಿನಕರನ್ ಅವರ ಹೆಸರು ಸರ್ವೋಚ್ಚ ನ್ಯಾಯಾಲಯಕ್ಕೆ ಶಿಫಾರಸಾಯಿತು. ತಮಿಳುನಾಡಿನಲ್ಲಿ ಸರ್ಕಾರಿ ಭೂಮಿ ಒತ್ತುವರಿ ಮಾಡಿದ್ದಾರೆಂದು ಕೆಲವು ವಕೀಲರು ದೂರಿದರು, ಅವರು ಅಲ್ಲಗಳೆದರು. ದಲಿತರೆಂಬ ಕಾರಣಕ್ಕೇ ಈ ಬೇಟೆಯೆಂದಿತು ಒಂದು ಪಕ್ಷ. ನ್ಯಾಯಪೀಠದ ಮಾನ ಉಳಿಯಬೇಕೆಂದಿತು ಇನ್ನೊಂದು. ಎರಡೂ ಸಂಶಯಗಳನ್ನು ತಳ್ಳಿಹಾಕುವಂತಿಲ್ಲ: ಜಾತಿದ್ವೇಷವೂ ನಮ್ಮಲ್ಲುಂಟು, ಅಧಿಕಾರದ ಭೂದಾಹವೂ ಉಂಟು. ನಿಜವರಿಯಲು ಇದ್ದ ದಾರಿ ವಿಚಾರಣೆಯೊಂದೇ. 2010ರಲ್ಲಿ ರಾಜ್ಯಸಭೆಯ ಸಭಾಪತಿಗಳು ಸಮಿತಿ ನೇಮಿಸಿದರು. 2011ರ ಜುಲೈಯಲ್ಲಿ ದಿನಕರನ್ ರಾಜೀನಾಮೆಯಿತ್ತರು. ವಿಚಾರಣೆ ಅಲ್ಲಿಗೇ ನಿಂತಿತು.

1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿಷಯದಲ್ಲಿ ವಿಚಾರಣೆಯೇನೋ ಮುಗಿದಿತ್ತು. ಸಮಿತಿ ತಪ್ಪುಗಳನ್ನು ಕಂಡಿತ್ತು. ಲೋಕಸಭೆಯಲ್ಲಿ ಪದಚ್ಯುತಿಯ ಪರ 196 ಮತ, ವಿರುದ್ಧ ಒಂದೂ ಇಲ್ಲ. ಆಳುವ ಕಾಂಗ್ರೆಸ್ಸಿನವರು ಮತ ಹಾಕದೆ ಕುಳಿತರು, ಗೊತ್ತುವಳಿ ಬಿದ್ದುಹೋಯಿತು. ಒಂದು ಕಡೆ ನಿಜ ಹೊರಬರಲಿಲ್ಲ. ಇನ್ನೊಂದು ಕಡೆ ಹೊರಬಂದದ್ದನ್ನು ಕಾಣಲು ಪಕ್ಷ ಬಿಡಲಿಲ್ಲ.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಜೈನರ ಅನೇಕಾಂತ ನಮಗೆ ದೂರದ ಮಾತಲ್ಲ. ಸತ್ಯಕ್ಕೆ ಹಲವು ಮುಖಗಳೆಂದರೆ ನನಗೊಪ್ಪುವ ಮುಖವೊಂದೇ ಸಾಕೆಂದಲ್ಲ. ಒಪ್ಪದ ಮುಖವನ್ನೂ ನೋಡಿದ ಮೇಲೆಯೇ ತೀರ್ಮಾನವೆಂದು.

ಅರ್ಧಕ್ಕೆ ನಿಂತ ವಿಚಾರಣೆಯಿಂದ ದೂರಿದವನಿಗೆ ಉತ್ತರ ಸಿಗದು. ಆಪಾದಿತನು ನಿರ್ದೋಷಿಯಾಗಿದ್ದರೆ ಅವನ ಹೆಸರಿಗಂಟಿದ ಮಸಿಯನ್ನು ತೊಳೆಯುವವರಾರು? ಪಕ್ಷ ವಹಿಸುವುದು ಮನುಷ್ಯಸಹಜ. ಆದರೆ ವಿಚಾರಣೆ ಪೂರ್ತಿಯಾಗಲಿ ಎಂಬ ಪಕ್ಷವನ್ನು ಎಲ್ಲಕ್ಕೂ ಮೊದಲು ವಹಿಸಬೇಕು.