ಕೇಳಿದ್ದನ್ನೆಲ್ಲ ಹೇಳಬಹುದೇ?
ಗರ್ಭಪಾತದ ಕಾನೂನು ಮತ್ತು ಸಾಕ್ಷ್ಯದ ಹೊಣೆ

ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಅದನ್ನು ವಿಚಾರಿಸಿ ನೋಡಬೇಕೆಂದು ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದ್ದಾನೆ. ತಿಳಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವ ಸ್ಥಿತಿ ಬರಬಾರದೆಂಬುದು ಆ ಆಜ್ಞೆಯ ಕಾರಣ (ಪವಿತ್ರ ಕುರ್‌ಆನ್ 49:6). ಕಿವಿಗೆ ಬಿದ್ದುದನ್ನೆಲ್ಲ ಇತರರಿಗೆ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಗ್ರಂಥದ ಪೀಠಿಕೆಯಲ್ಲಿಯೇ ಕೊಟ್ಟಿದ್ದಾರೆ. ಸುಳ್ಳು ಕಟ್ಟಿ ಹೇಳುವವನ ಮಾತು ಹಾಗಿರಲಿ, ಪರಿಶೀಲಿಸದೆ ಹೇಳುವವನೂ ಸುರಕ್ಷಿತನಲ್ಲ.

ಈ ಎಚ್ಚರಿಕೆ ಇಂದು ಬಹಳ ಅಗತ್ಯವಾಗಿರುವ ವಿಷಯಗಳಲ್ಲಿ ಗರ್ಭಪಾತದ ಕಾನೂನೂ ಒಂದು. ಮದುವೆ ಮನೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಜುಮುಅ ಮುಗಿಸಿ ಬರುವ ದಾರಿಯಲ್ಲಿ ಈ ಮಾತು ಬರುತ್ತದೆ. ಯಾವ ಸ್ಥಿತಿಯಲ್ಲೂ ಇದಕ್ಕೆ ಅವಕಾಶವಿಲ್ಲ ಎಂದು ಒಬ್ಬರು ಹೇಳಿದರೆ, ಇಷ್ಟು ದಿನದೊಳಗಾದರೆ ಏನೂ ತೊಂದರೆಯಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಸರಕಾರ ಜೈಲಿಗೆ ಹಾಕುತ್ತದೆ ಎಂದು ಮೂರನೆಯವರು ಹೆದರಿಸುತ್ತಾರೆ. ಮೂವರಿಗೂ ಒಂದೊಂದು ಮೂಲವಿದೆ. ಆದರೆ ಆ ಮೂಲಕ್ಕೆ ಯಾವ ವಿಷಯದಲ್ಲಿ ಸಾಕ್ಷಿ ನುಡಿಯುವ ಅರ್ಹತೆಯಿದೆ ಎಂದು ಕೇಳುವವರು ಕಡಿಮೆ.

ಹದೀಸ್ ವಿದ್ವಾಂಸರು ಕಲಿಸಿದ ಪಾಠ

ಹದೀಸ್ ಸಂಗ್ರಹಿಸಿದ ಮಹಾತ್ಮರು ವರದಿಗಾರನ ಸತ್ಯಸಂಧತೆಯನ್ನು ಮಾತ್ರ ನೋಡಲಿಲ್ಲ. ಅವನು ಯಾರಿಂದ ಕೇಳಿದ, ಅವರನ್ನು ಭೇಟಿಯಾಗಿದ್ದನೇ, ಅವನ ನೆನಪು ಗಟ್ಟಿಯೇ ಎಂದೂ ನೋಡಿದರು. ಎಷ್ಟೋ ಮಂದಿ ಸಜ್ಜನರು ನಮಾಝ್-ಉಪವಾಸಗಳಲ್ಲಿ ಮುಂದಿದ್ದರೂ ನೆನಪಿನ ದೌರ್ಬಲ್ಯದಿಂದಾಗಿ ಅವರ ವರದಿ ಸ್ವೀಕಾರವಾಗಲಿಲ್ಲ. ಅದರಿಂದ ಅವರಿಗೆ ಅವಮಾನವೇನೂ ಆಗಲಿಲ್ಲ. ಪ್ರತಿಯೊಬ್ಬನ ಮಾತನ್ನು ಅವನು ತಿಳಿಯಬಲ್ಲ ಮೇರೆಗೆ ಮಾತ್ರ ತೆಗೆದುಕೊಳ್ಳಬೇಕೆಂಬ ನ್ಯಾಯ ಅದರಲ್ಲಿತ್ತು. ಪತ್ರಿಕೆ, ನ್ಯಾಯಾಲಯ, ವೈದ್ಯರ ವರದಿ, ಚಳವಳಿಗಾರರ ಕರಪತ್ರ, ಕರ್ಮಶಾಸ್ತ್ರದ ಗ್ರಂಥ ಇವುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮ ನಾಡಿನ ಮಗಳೊಬ್ಬಳ ಸಾವಿನ ಪ್ರಕರಣವನ್ನೇ ಉದಾಹರಣೆಯಾಗಿ ನೋಡೋಣ.

ಗಾಲ್ವೆಯಲ್ಲಿ ನಡೆದದ್ದು

ಸವಿತಾ ಹಾಲಪ್ಪನವರ್ ಅವರ ತವರುಮನೆ ಬೆಳಗಾವಿ. ದಂತವೈದ್ಯೆಯಾಗಿದ್ದ ಅವರು ಪತಿಯೊಂದಿಗೆ ಐರ್ಲೆಂಡಿನ ಗಾಲ್ವೆ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, 17 ವಾರಗಳ ಗರ್ಭಿಣಿಯಾಗಿದ್ದಾಗ, ಬೆನ್ನುನೋವೆಂದು ಅಲ್ಲಿಯ ವಿಶ್ವವಿದ್ಯಾಲಯ ಆಸ್ಪತ್ರೆಗೆ ದಾಖಲಾದರು. ಮರುದಿನ ಮುಂಜಾನೆಯೊಳಗೆ ಗರ್ಭದ ನೀರಿನ ಚೀಲ ಒಡೆಯಿತು. ಮಗು ಉಳಿಯದೆಂದು ವೈದ್ಯರಿಗೂ ಗೊತ್ತಾಗಿತ್ತು. ಗರ್ಭವನ್ನು ತೆಗೆಯಿರೆಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವಾಗ, ತಾಯಿಯ ಜೀವಕ್ಕೆ ಅಪಾಯ ಕಾಣದಿರುವಾಗ, ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲವೆಂಬ ಉತ್ತರ ಬಂತು. ಅಕ್ಟೋಬರ್ 24ರಂದು ಆ ಬಡಿತ ನಿಂತಿತು. ಅಷ್ಟರಲ್ಲಿ ತಾಯಿಯ ರಕ್ತದಲ್ಲಿ ನಂಜು ಹರಡಿತ್ತು. 28ರಂದು ಅವರು ತೀರಿಕೊಂಡರು. ವಯಸ್ಸು ಕೇವಲ 31.

ಅಲ್ಲಿಯ ಕಾನೂನಿನ ಹಿನ್ನೆಲೆಯೂ ತಿಳಿದಿರಲಿ. 1861ರ ಬ್ರಿಟಿಷ್ ಕಾಯ್ದೆಯಂತೆ ಗರ್ಭಪಾತ ಅಪರಾಧವಾಗಿತ್ತು. 1983ರಲ್ಲಿ ಜನಮತದ ಮೂಲಕ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ಸೇರಿತು. ಅದು ಹುಟ್ಟದ ಮಗುವಿಗೂ ತಾಯಿಗೂ ಜೀವಿಸುವ ಸಮಾನ ಹಕ್ಕನ್ನು ಕೊಟ್ಟಿತು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಗರ್ಭ ತೆಗೆಯಬಹುದೆಂದು 1992ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. ಆದರೆ ಅಪಾಯವೆಂದರೆ ಎಷ್ಟು, ಅದನ್ನು ಯಾರು ನಿರ್ಧರಿಸಬೇಕು ಎಂದು ಹೇಳುವ ಕಾಯ್ದೆಯನ್ನು 20 ವರ್ಷಗಳವರೆಗೂ ಮಾಡಲಿಲ್ಲ.

ಒಂದು ಸಾವು, ಹಲವು ಸಾಕ್ಷ್ಯ

ಮೊದಲು ಮಾತಾಡಿದ್ದು ಪತ್ರಿಕೆ. 2012ರ ನವೆಂಬರ್ 14ರಂದು ‘ಐರಿಶ್ ಟೈಮ್ಸ್’ ಸುದ್ದಿ ಪ್ರಕಟಿಸಿತು. ಇದು ಕ್ಯಾಥೊಲಿಕ್ ದೇಶವೆಂಬ ಮಾತನ್ನು ಆಸ್ಪತ್ರೆಯಲ್ಲಿ ಹೇಳಲಾಯಿತೆಂದು ಪತಿ ತಿಳಿಸಿದ್ದರು. ಸುದ್ದಿಯಲ್ಲಿ ಆ ಮಾತು ತಜ್ಞವೈದ್ಯೆಯದೆಂದು ಬಂದಿತ್ತು. ಮರಣ ವಿಚಾರಣೆ ನಡೆದಾಗ ವೈದ್ಯೆ ಅದನ್ನು ಅಲ್ಲಗಳೆದರು. ಆದರೆ ಒಬ್ಬ ಹೆರಿಗೆ ದಾದಿ ಮುಂದೆ ಬಂದು, ದೇಶದ ಕಾನೂನು ಹೀಗೇಕಿದೆಯೆಂದು ವಿವರಿಸಲು ತಾನೇ ಹಾಗೆ ಹೇಳಿದ್ದೆನೆಂದು ಒಪ್ಪಿಕೊಂಡರು. ಮಾತು ನಿಜವೆಂದಾಯಿತು, ಆದರೆ ಆಡಿದವರು ಬೇರೆ! ಸನದಿನಲ್ಲಿ ಒಂದು ಹೆಸರು ತಪ್ಪಿದರೆ ವಿದ್ವಾಂಸರು ಏಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರೆಂದು ಇಲ್ಲಿ ಅರಿವಾಗುತ್ತದೆ. ಪತ್ರಿಕೆ ಆ ಸಾವನ್ನು ಜಗತ್ತಿಗೆ ತಿಳಿಸಿದ್ದು ದೊಡ್ಡ ಉಪಕಾರ. ಆದರೆ ಅದು ಕೇಳಿದ್ದನ್ನು ಹೇಳುವ ಸಾಕ್ಷಿ. ತೀರ್ಪು ಕೊಡುವ ಸಾಕ್ಷಿ ಅಲ್ಲ.

ಎರಡನೆಯದು ಮರಣ ವಿಚಾರಣೆ. 2013ರ ಏಪ್ರಿಲ್‌ನಲ್ಲಿ ಪಂಚರು ಒಮ್ಮತದಿಂದ ಇದು ವೈದ್ಯಕೀಯ ಅವಘಡವೆಂದರು. ಸಾವು ಹೇಗಾಯಿತೆಂದು ಕಂಡುಹಿಡಿಯುವುದಷ್ಟೇ ಅಲ್ಲಿಯ ಮರಣ ವಿಚಾರಣೆಯ ಕೆಲಸ. ಯಾರನ್ನೂ ಅಪರಾಧಿಯೆಂದು ನಿರ್ಣಯಿಸುವ ಅಧಿಕಾರ ಅದಕ್ಕಿಲ್ಲ. ಇದನ್ನು ಅರಿಯದವರು ಯಾರದೂ ತಪ್ಪಿಲ್ಲವೆಂದು ನ್ಯಾಯಾಲಯ ಹೇಳಿತೆಂದು ಸಾರಿದರು. ನ್ಯಾಯಾಲಯ ಹಾಗೆ ಹೇಳಿರಲಿಲ್ಲ.

ಮೂರನೆಯದು ತಜ್ಞರ ವರದಿಗಳು. ಪ್ರಸೂತಿ ತಜ್ಞ ಸಬರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ಸಮಿತಿಯ ವರದಿ 2013ರ ಜೂನ್‌ನಲ್ಲಿ ಹೊರಬಂತು. ರೋಗಿಯ ಸ್ಥಿತಿಯನ್ನು ಸರಿಯಾಗಿ ಗಮನಿಸಲಿಲ್ಲ, ಲಭ್ಯವಿದ್ದ ಚಿಕಿತ್ಸಾ ಮಾರ್ಗಗಳನ್ನೆಲ್ಲ ಮುಂದಿಡಲಿಲ್ಲ, ನಂಜಿಗೆ ವಿಧಿಸಿದ ಕ್ರಮಗಳನ್ನು ಪಾಲಿಸಲಿಲ್ಲ ಎಂದು ಅದು ಹೇಳಿತು. ಜೊತೆಗೆ, ಕಾನೂನನ್ನು ಅರ್ಥ ಮಾಡಿಕೊಂಡ ರೀತಿ ಮತ್ತು ಸ್ಪಷ್ಟ ಮಾರ್ಗದರ್ಶನದ ಕೊರತೆಯೂ ಈ ಸಾವಿಗೆ ಗಣನೀಯ ಕಾರಣವಾಯಿತೆಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ, ಸವಿತಾರನ್ನು ಉಳಿಸಲು ನೆರವಾಗಬಹುದಾಗಿದ್ದ 13 ಸಂದರ್ಭಗಳು ಕೈತಪ್ಪಿದವೆಂದು ಎಣಿಸಿ ತೋರಿಸಿತು.

ಇನ್ನು ಚಳವಳಿಗಾರರು. ಕಾನೂನೇ ಕೊಂದಿತು ಎಂದು ಒಂದು ಪಕ್ಷ ಬೀದಿಗಿಳಿಯಿತು. ಕಾನೂನಿನ ತಪ್ಪೇನೂ ಇಲ್ಲ, ಬರೀ ವೈದ್ಯರ ಅಜಾಗರೂಕತೆ ಎಂದು ಇನ್ನೊಂದು ಪಕ್ಷ ವಾದಿಸಿತು. ಇಬ್ಬರೂ ವರದಿಯನ್ನೇ ತೋರಿಸಿದರು. ಆದರೆ ತಮಗೆ ಬೇಕಾದ ಅರ್ಧವನ್ನು ಓದಿ ಉಳಿದರ್ಧವನ್ನು ಮಡಚಿಟ್ಟರು. ನಿಮಗೆ ಅಥವಾ ನಿಮ್ಮ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕು (4:135), ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸಬಾರದು (5:8) ಎಂದು ಪವಿತ್ರ ಕುರ್‌ಆನ್ ಹೇಳುವುದು ಇಂತಹ ಗಳಿಗೆಗಾಗಿಯೇ.

ಲೆಕ್ಕಗಳೂ ಹೀಗೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡು ಐರ್ಲೆಂಡಿನ ವಿಳಾಸ ಕೊಟ್ಟ ಸ್ತ್ರೀಯರು 2001ರಲ್ಲಿ 6,673 ಮಂದಿ, 2016ರಲ್ಲಿ 3,265 ಮಂದಿ. ಕಟ್ಟುನಿಟ್ಟಿನ ಕಾನೂನು ಗರ್ಭಪಾತವನ್ನು ತಡೆಯಿತೆಂದು ಇದರಿಂದ ಹೇಳಬಹುದೇ? ಈ ಲೆಕ್ಕ ವಿಳಾಸ ಕೊಟ್ಟವರದು ಮಾತ್ರ. ಬೇರೆ ವಿಳಾಸ ಕೊಟ್ಟವರೂ ಮಾತ್ರೆ ತರಿಸಿಕೊಂಡು ಮನೆಯಲ್ಲೇ ನುಂಗಿದವರೂ ಇದರಲ್ಲಿಲ್ಲ.

ಐರ್ಲೆಂಡಿನಲ್ಲಿ 2013ರಲ್ಲಿ ಕಾಯ್ದೆಯೊಂದು ಬಂತು. 2018ರ ಮೇ 25ರಂದು ಶೇಕಡಾ 66.4ರಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಮತ ನೀಡಿದರು. 2019ರಿಂದ 12 ವಾರಗಳವರೆಗೆ ಕಾರಣ ಹೇಳದೆಯೂ ಗರ್ಭಪಾತಕ್ಕೆ ಅಲ್ಲಿ ಅವಕಾಶವಿದೆ. ಕಾರಣವಿಲ್ಲದೆ ಗರ್ಭ ತೆಗೆಯುವುದನ್ನು ಇಸ್ಲಾಮ್ ಮೆಚ್ಚುವುದಿಲ್ಲ. ಹಾಗೆಂದು ಹಳೆಯ ಕಾನೂನಿನಿಂದಾದ ಅನ್ಯಾಯವನ್ನು ಮುಚ್ಚಿಡುವುದೂ ನಮ್ಮ ಧರ್ಮವಲ್ಲ.

ಹೆಸರಿನಲ್ಲಿಯೇ ಪಕ್ಷ

ಅಮೇರಿಕದಲ್ಲಿಯೂ ಇದೇ ನಡೆಯುತ್ತಿದೆ. 1973ರ ತೀರ್ಪು ಕೊಟ್ಟಿದ್ದ ಹಕ್ಕನ್ನು ಅಲ್ಲಿಯ ಸುಪ್ರೀಮ್ ಕೋರ್ಟ್ 2022ರ ಜೂನ್ 24ರಂದು ರದ್ದುಗೊಳಿಸಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಅದಕ್ಕೂ ಮೊದಲೇ, 2021ರಲ್ಲಿ ಟೆಕ್ಸಸ್ ರಾಜ್ಯ ತಂದ ಕಾಯ್ದೆಯನ್ನು ಬೆಂಬಲಿಗರು ಹೃದಯ ಬಡಿತದ ಕಾಯ್ದೆಯೆಂದು ಕರೆದರೆ, ವಿರೋಧಿಗಳು ಆರು ವಾರಗಳ ನಿಷೇಧವೆಂದು ಕರೆದರು. ಒಂದೇ ಕಾಯ್ದೆ. ಮೊದಲ ಹೆಸರು ಕೇಳಿದವನಿಗೆ ಮಗು ಕಾಣುತ್ತದೆ, ಎರಡನೆಯದನ್ನು ಕೇಳಿದವನಿಗೆ ತಾಯಿಯ ಅವಸರ ಕಾಣುತ್ತದೆ. ಹೆಸರು ಕೇಳಿಯೇ ಪಕ್ಷ ಹಿಡಿಯುವವನು ಕಾಯ್ದೆಯಲ್ಲಿ ಏನಿದೆಯೆಂದು ಓದಿರುವುದಿಲ್ಲ.

ವಾರಗಳ ಲೆಕ್ಕದಲ್ಲಿಯೂ ಎಚ್ಚರ ಬೇಕು. ವೈದ್ಯರು ಕೊನೆಯ ಮುಟ್ಟಿನ ದಿನದಿಂದ ಎಣಿಸುತ್ತಾರೆ. ಅವರು ಆರು ವಾರವೆಂದಾಗ ಗರ್ಭ ನಿಂತು ಸುಮಾರು ನಾಲ್ಕು ವಾರವಾಗಿರುತ್ತದೆ. ನಮ್ಮ ಗ್ರಂಥಗಳ 120 ದಿನಗಳನ್ನು ಗರ್ಭ ನಿಂತಂದಿನಿಂದ ಎಣಿಸಿದರೆ ಅದು ವೈದ್ಯರ ಲೆಕ್ಕದಲ್ಲಿ ಸುಮಾರು 19 ವಾರ. ಎರಡು ಲೆಕ್ಕಗಳನ್ನು ಬೆರೆಸಿ ಹೇಳುವವನು ಒಂದು ಕುಟುಂಬವನ್ನೇ ದಾರಿ ತಪ್ಪಿಸಬಹುದು.

ನಮ್ಮ ಗ್ರಂಥಗಳು

ತಾಯಿಯ ಗರ್ಭದಲ್ಲಿ ನಲವತ್ತು ನಲವತ್ತು ದಿನಗಳ ಹಂತಗಳು ಕಳೆದ ಬಳಿಕ ದೇವಚರನು ಆತ್ಮವನ್ನು ಊದುತ್ತಾನೆಂಬ ಇಬ್ನು ಮಸ್ಊದ್(ರ)ರ ವರದಿ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅನಂತರ ಗರ್ಭ ತೆಗೆಯುವುದು ನಿಷಿದ್ಧವೆಂಬುದರಲ್ಲಿ ಮದ್‌ಹಬ್‌ಗಳಿಗೆ ಒಮ್ಮತವಿದೆ. ಅದಕ್ಕೆ ಮುಂಚಿನ ಅವಧಿಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಸಕಾರಣವಿದ್ದರೆ ಅವಕಾಶವಿದೆಯೆಂದು ಅನೇಕ ಹನಫಿ ವಿದ್ವಾಂಸರು ಹೇಳಿದ್ದಾರೆ. ಮಾಲಿಕಿಗಳಲ್ಲಿ ಪ್ರಬಲವಾದ ಅಭಿಪ್ರಾಯ ಮೊದಲಿನಿಂದಲೇ ನಿಷೇಧ. ಶಾಫಿಈಗಳಲ್ಲಿ ಎರಡೂ ಅಭಿಪ್ರಾಯಗಳಿವೆ. ಇಮಾಮ್ ಗಝಾಲಿ(ರ)ಯವರು ‘ಇಹ್ಯಾ’ದಲ್ಲಿ, ಗರ್ಭ ನೆಲೆಸಿದ ಮೇಲೆ ಅದನ್ನು ಕೆಡಿಸುವುದು ಅಪರಾಧ, ಅದು ಬೆಳೆದಂತೆಲ್ಲ ಅಪರಾಧ ಇನ್ನೂ ಘೋರವಾಗುತ್ತದೆ ಎಂದಿದ್ದಾರೆ. ಕರಾವಳಿಯ ನಮ್ಮವರಲ್ಲಿ ಬಹುಮಂದಿ ಶಾಫಿಈಗಳು, ಘಟ್ಟದ ಮೇಲೆ ಬಹುಮಂದಿ ಹನಫಿಗಳು. ಒಂದೇ ಪ್ರಶ್ನೆಗೆ ಅತ್ತೆಯ ಮನೆಯಲ್ಲೊಂದು, ತಾಯಿಯ ಮನೆಯಲ್ಲೊಂದು ಉತ್ತರ ಸಿಕ್ಕಿದರೆ ಆಶ್ಚರ್ಯವಿಲ್ಲ.

1990ರಲ್ಲಿ ಮಕ್ಕಾದ ಫಿಕ್‌ಹ್ ಮಂಡಳಿ ಈ ವಿಷಯವನ್ನು ಚರ್ಚಿಸಿತು. 120 ದಿನಗಳು ಕಳೆದ ಬಳಿಕ ಅಂಗವೈಕಲ್ಯದ ಕಾರಣಕ್ಕೂ ಗರ್ಭ ತೆಗೆಯಕೂಡದು, ಆದರೆ ಗರ್ಭ ಮುಂದುವರಿದರೆ ತಾಯಿಯ ಜೀವಕ್ಕೆ ನಿಶ್ಚಿತ ಅಪಾಯವಿದೆಯೆಂದು ವಿಶ್ವಾಸಾರ್ಹ ತಜ್ಞವೈದ್ಯರ ಸಮಿತಿ ದೃಢಪಡಿಸಿದರೆ ತೆಗೆಯಬಹುದು ಎಂಬುದು ಅದರ ನಿರ್ಣಯ. 120 ದಿನಗಳೊಳಗೆ, ಚಿಕಿತ್ಸೆಯಿಲ್ಲದ ಗಂಭೀರ ವೈಕಲ್ಯ ದೃಢಪಟ್ಟು ತಂದೆತಾಯಿ ಬಯಸಿದರೆ ಅವಕಾಶವುಂಟೆಂದೂ ಅದು ಹೇಳಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಉಲಮಾಗಳು ವಿಧಿಯನ್ನು ತಾವು ಹೇಳಿ, ಅಪಾಯವಿದೆಯೇ ಎಂಬ ಪ್ರಶ್ನೆಯನ್ನು ವೈದ್ಯರಿಗೆ ಒಪ್ಪಿಸಿದ್ದಾರೆ. ನಿಷಿದ್ಧ ಯಾವುದೆಂದು ಗ್ರಂಥ ಹೇಳಬಲ್ಲದು. ಮಂಚದ ಮೇಲೆ ಮಲಗಿರುವ ಈ ಸ್ತ್ರೀಯ ರಕ್ತದಲ್ಲಿ ನಂಜೇರಿದೆಯೇ ಎಂದು ಗ್ರಂಥ ಹೇಳಲಾರದು.

ತಲೆಗೆ ಗಾಯವಾದವನು

ಅಬೂದಾವೂದ್‌ನಲ್ಲಿ ಜಾಬಿರ್(ರ)ರ ವರದಿಯೊಂದಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ಇಲ್ಲವೆಂದು ಅವರು ಹೇಳಿದರು. ಆತ ಸ್ನಾನ ಮಾಡಿ ಮರಣ ಹೊಂದಿದರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಬಹಳ ಕಟುವಾಗಿ ನುಡಿದರು. ಅವರೇ ಅವನನ್ನು ಕೊಂದರು, ತಿಳಿಯದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಎಂಬುದು ಆ ಮಾತಿನ ತಾತ್ಪರ್ಯ.

ಸಂಗಡಿಗರು ಕೆಟ್ಟವರಾಗಿರಲಿಲ್ಲ. ಅವರಿಗೆ ದೀನಿನ ಮೇಲೆ ಪ್ರೀತಿಯಿತ್ತು. ತಮಗೆ ಗೊತ್ತಿದ್ದ ಒಂದು ನಿಯಮವನ್ನು ತಿಳಿಯದ ಸ್ಥಿತಿಗೆ ಹಚ್ಚಿದರು. ಒಂದು ಜೀವ ಹೋಯಿತು.

ನಮ್ಮ ಮನೆಗಳಲ್ಲಿ

ಸಹೋದರ ಸಹೋದರಿಯರೇ, ಸೊಸೆಗೆ ಐದನೆಯ ತಿಂಗಳಲ್ಲಿ ಜ್ವರ, ರಕ್ತಸ್ರಾವ, ಚಳಿ. ಗರ್ಭ ತೆಗೆಯದಿದ್ದರೆ ತಾಯಿ ಉಳಿಯುವುದಿಲ್ಲವೆಂದು ವೈದ್ಯೆ ಹೇಳುತ್ತಾರೆ. ಆಗ ಹಿರಿಯರೊಬ್ಬರು ಇದು ಹರಾಮ್ ಎನ್ನುತ್ತಾರೆ, ಮಾವ ಪೊಲೀಸ್ ಕೇಸಾಗುತ್ತದೆ ಎನ್ನುತ್ತಾರೆ, ರಾತ್ರಿ ಕಳೆಯಲಿ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆ ರಾತ್ರಿಯ ಲೆಕ್ಕವನ್ನು ಅಲ್ಲಾಹನ ಮುಂದೆ ಯಾರು ಕೊಡುವರು?

ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲ. 1860ರ ದಂಡ ಸಂಹಿತೆಯೂ ತಾಯಿಯ ಜೀವ ಉಳಿಸಲು ಸದುದ್ದೇಶದಿಂದ ಮಾಡಿದ್ದನ್ನು ಅಪರಾಧವೆಂದು ಕರೆಯಲಿಲ್ಲ. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದೇ ವಿನಾಯಿತಿಯನ್ನು ಉಳಿಸಿಕೊಂಡಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಗೊತ್ತಾದ ಕಾರಣಗಳಿಗೆ ಅವಕಾಶ ಕೊಟ್ಟಿತು. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಮಿತಿಯನ್ನು 24 ವಾರಗಳಿಗೆ ಏರಿಸಿತು. ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರಗಳ ಮಿತಿಯೇ ಅನ್ವಯಿಸದು. ವಯಸ್ಕ ಸ್ತ್ರೀಗೆ ಅವಳ ಒಪ್ಪಿಗೆಯೊಂದೇ ಸಾಕು. ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಫಲಕ ಅಪರಾಧವೆನ್ನುವುದು ಭ್ರೂಣದ ಲಿಂಗ ಪತ್ತೆಯನ್ನು. ಅದು 1994ರ ಬೇರೆಯೇ ಕಾಯ್ದೆ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಯಾವ ಪಾಪಕ್ಕಾಗಿ ಕೊಂದರೆಂದು ಕೇಳಲಾಗುವ ದಿನವನ್ನು (81:8-9) ನಂಬುವ ನಮಗೆ ಆ ಫಲಕದ ಮಾತು ಹೊಸದಲ್ಲ. ಆದರೆ ಎರಡು ಕಾಯ್ದೆಗಳನ್ನು ಒಂದೆಂದು ತಿಳಿದು ಭಯಪಡುವುದು ತಪ್ಪು.

ಆದುದರಿಂದ ಇಂತಹ ಗಳಿಗೆ ಬಂದಾಗ ದೇಹದ ಸ್ಥಿತಿಯನ್ನು ವೈದ್ಯರಲ್ಲಿ ಕೇಳಿರಿ, ಸಮಯವಿದ್ದರೆ ಇನ್ನೊಬ್ಬ ತಜ್ಞರಲ್ಲಿಯೂ ಕೇಳಿರಿ. ಆ ಮಾತನ್ನು ಹೆಚ್ಚು ಕಡಿಮೆ ಮಾಡದೆ ಕರ್ಮಶಾಸ್ತ್ರ ಬಲ್ಲ ಆಲಿಮರ ಮುಂದಿಡಿರಿ. ಕಾನೂನನ್ನು ಬಲ್ಲವರಿಂದಲೇ ತಿಳಿಯಿರಿ. ಎಲ್ಲಕ್ಕಿಂತ ಮೊದಲು ನೋವು ತಿನ್ನುತ್ತಿರುವ ಆ ಸ್ತ್ರೀಯ ಮಾತನ್ನು ಕೇಳಿರಿ. ತನ್ನ ದೇಹದ ಬಗ್ಗೆ ಅವಳೇ ಮೊದಲ ಸಾಕ್ಷಿ. ನಿಮಗೆ ತಿಳಿಯದಿದ್ದರೆ ಬಲ್ಲವರನ್ನು ಕೇಳಿರೆಂಬುದು ಅಲ್ಲಾಹನ ಆಜ್ಞೆ (16:43). ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಎಲ್ಲದರ ಬಗ್ಗೆಯೂ ವಿಚಾರಣೆಯಿದೆ ಎಂಬುದೂ ಅವನದೇ ಎಚ್ಚರಿಕೆ (17:36).

ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂದು ಸಾರಿದ ಗ್ರಂಥದ (5:32) ಅನುಯಾಯಿಗಳು ನಾವು. ಹುಟ್ಟದ ಕೂಸನ್ನು ಹಗುರವಾಗಿ ಕಾಣದ, ಹೆತ್ತವಳ ಜೀವವನ್ನು ಅಗ್ಗವಾಗಿ ಕಾಣದ, ತಿಳಿಯದ ಮಾತನ್ನು ನಾಲಿಗೆಗೆ ತಾರದ ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.