‘ಸೂಪರ್’ ಅಂದರೆ ಸಾಕೇ?

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಹುಡುಗಿಯೊಬ್ಬಳು ತಾನೇ ಮಾಡಿದ ನಾಲ್ಕು ನಿಮಿಷದ ಅನಿಮೇಷನ್ ಚಿತ್ರ ಕಳಿಸಿದ್ದಳು. ಮೀಟಿಂಗಿನ ನಡುವೆ ಅರ್ಧ ನೋಡಿ ‘ಸೂಪರ್!’ ಎಂದು ಬರೆದೆ. ‘ಯಾವುದು ಇಷ್ಟ ಆಯ್ತು ಅಂಕಲ್?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಛೋಟಾ ಭೀಮ್ ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ. ದೊಡ್ಡ ಸ್ಟುಡಿಯೊದಲ್ಲಿ ತಪ್ಪು ತೋರಿಸಲು ಪಕ್ಕದ ಮೇಜಿನವರಿರುತ್ತಾರೆ. ಮನೆಯಲ್ಲಿ ಒಬ್ಬಳೇ ಕೂತು ಬಿಡಿಸುವವಳಿಗೆ ಯಾರಿದ್ದಾರೆ? ಸೆಕೆಂಡಿಗೆ 12 ಚಿತ್ರವೆಂದರೂ ನಾಲ್ಕು ನಿಮಿಷಕ್ಕೆ 2,880 ಬೇಕು. ಗೀತಾಂಜಲಿ ರಾವ್ ‘ಪ್ರಿಂಟೆಡ್ ರೇನ್‌ಬೋ’ ಚಿತ್ರವನ್ನು ತಾವೇ ಕೈಯಾರೆ ಬಿಡಿಸಿದರು. 2006ರಲ್ಲಿ ಅದು ಕಾನ್‌ನ ಕ್ರಿಟಿಕ್ಸ್ ವೀಕ್‌ವರೆಗೂ ಹೋಯಿತು.

ಹಾಗೆಂದು ಪಟ್ಟ ಶ್ರಮಕ್ಕೆ ಮರುಗಿ ಹೊಗಳಬೇಕೇ? ಅದು ಕನಿಕರವಾದೀತು, ಗೌರವವಾಗದು. ಆಫೀಸಿನ ಕೋಡ್ ರಿವ್ಯೂನಂತೆ ತಪ್ಪುಗಳ ಪಟ್ಟಿ ಕೊಡುವುದೂ ಸರಿಯಲ್ಲ. ಕೋಡ್ ಏನು ಮಾಡಬೇಕೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಚಿತ್ರ ಏನು ಹೇಳಹೊರಟಿದೆ ಎಂಬುದನ್ನು ನೋಡಿಯೇ ತಿಳಿಯಬೇಕು.

ರಾತ್ರಿ ಎರಡು ಸಲ ಪೂರ್ತಿ ನೋಡಿದೆ. ‘ಅಜ್ಜಿ ಬಾಗಿಲಲ್ಲಿ ನಿಂತಾಗ ಗಂಟಲು ಕಟ್ಟಿತು. ಆದರೆ ಅಲ್ಲಿ ಸಂಗೀತವೇ ಮೊದಲು ಅತ್ತುಬಿಡುತ್ತದೆ, ನನಗೆ ಜಾಗ ಉಳಿಯಲಿಲ್ಲ’ ಎಂದು ಬರೆದೆ.

‘ನನಗೆ ಅದು ಹಾಗೇ ಬೇಕಿತ್ತು ಅಂಕಲ್. ಆದ್ರೂ ನೀವು ನೋಡಿದ್ರಲ್ಲ, ಖುಷಿಯಾಯ್ತು’ ಎಂದಳು. ಸಂಗೀತ ಬದಲಿಸಲಿಲ್ಲ.

ಬದಲಿಸಬೇಕಾಗಿಯೂ ಇರಲಿಲ್ಲ. ಚಿತ್ರ ಅವಳದು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ನನ್ನ ಪಾಲಿನ ಋಣ. ಮೊದಲ ಸಲ ಅದನ್ನೂ ತೀರಿಸದೆ ‘ಸೂಪರ್’ ಎಂದು ಜಾರಿಕೊಂಡಿದ್ದೆ.